ಮುನಿಯಪ್ಪನ ಅರಿಶಿನ

ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ದಾರಿಯಲ್ಲಿ, ಬಸ್ಸಿನ ಎಡಗಡೆ ಕೂತವರಿಗೆ ಮಾತ್ರ ಒಂದು ಹುಣಸೆ ತೋಪು ಕಾಣುತ್ತದೆ. ಅಲ್ಲಿ ಮುನಿಯಪ್ಪ ಇದ್ದಾನೆ. ಗುಡಿಯಿಲ್ಲ, ಗೋಪುರವಿಲ್ಲ, ಸುಣ್ಣ ಬಳಿದ ಕಲ್ಲುಗಳು, ತಲೆಯ ಮೇಲೆ ಹುಣಸೆಯ ನೆರಳು, ಅಷ್ಟೇ. ಆತ ಇದಕ್ಕಿಂತ ಹೆಚ್ಚು ಎಂದೂ ಕೇಳಿದವನಲ್ಲ. ಕೇಳುವುದೆಲ್ಲ ಊರಿನವರದೇ.

ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರು ಆ ತೋಪಿನಲ್ಲಿ ಪರ ಮಾಡುತ್ತಾರೆ. ಅಂದರೆ ಕುರಿ ಕಡಿದು, ಅಲ್ಲೇ ಬೇಯಿಸಿ, ಅಲ್ಲೇ ಉಣ್ಣುವುದು. ಹೆಂಗಸರು ಬೇಲಿಯಿಂದ ಈಚೆ ನಿಲ್ಲಬೇಕು. ತೋಪಿನಲ್ಲಿ ಬೆಂದದ್ದು ಬೇಲಿ ದಾಟಬಾರದು, ಮಣ್ಣಿಗೆ ಬೀಳಬಾರದು, ನಾಯಿಗೆ ಸಿಗಬಾರದು. ಹಾಗಾದರೆ ಮಿಕ್ಕಿದ್ದನ್ನು ಏನು ಮಾಡುವುದು? ಹಂಡೆಯ ತಳದಲ್ಲಿ ನಿಂತ ನೆಣ, ಮುದ್ದೆಯ ಚೂರು, ಮೂಳೆಗೆ ಅಂಟಿದ ಬಾಡು, ಎಲ್ಲವನ್ನೂ ಬಳಿದು ಒಂದು ಎಲೆಗೆ ಹಾಕಿ ಒಬ್ಬನ ಮುಂದೆ ಇಡುತ್ತಾರೆ. ಅದು ಕಡೇ ಎಲೆ. ಅದು ಬರಿದಾಗುವ ತನಕ ಯಾರೂ ಮೇಲೆ ಏಳುವಂತಿಲ್ಲ.

ಕಡೇ ಎಲೆಗೆ ಕೂರುವವನು ಯಾರೋ ಹೊಟ್ಟೆಬಾಕನಾದರೆ ಆಗದು. ಅವನಿಗೆ ಗುರುತಿರಬೇಕು. ತಿಪ್ಪಯ್ಯನ ಮನೆತನದವರಿಗೆ ಆ ಗುರುತಿತ್ತು. ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ಚಪ್ಪಟೆಯಾದ ಹಳದಿ ಮಚ್ಚೆ. ತೊಳೆದರೆ ಹೋಗದು, ಮುಟ್ಟಿದರೆ ನೋಯದು. ಮುನಿಯಪ್ಪನೇ ಬೆರಳಿಗೆ ಅರಿಶಿನ ಅದ್ದಿ ಇಟ್ಟದ್ದು ಎಂದು ಊರು ನಂಬಿತ್ತು. ಬೇರೆ ಮನೆಯ ಮಕ್ಕಳಿಗೆ ದೃಷ್ಟಿಬೊಟ್ಟು ಇಡುತ್ತಾರೆ. ಈ ಮನೆಯವರಿಗೆ ದೇವರೇ ಬೊಟ್ಟಿಟ್ಟು ಕಳಿಸಿದ್ದ.

ತಿಪ್ಪಯ್ಯನ ಅಪ್ಪ ತೀರಿಕೊಂಡದ್ದು ಪರದ ದಿನವೇ. ಕಡೇ ಎಲೆ ಮುಗಿಸಿ, ಕೈ ತೊಳೆದು, ಹುಣಸೆ ಬುಡಕ್ಕೆ ಒರಗಿ ಕೂತವನು ಏಳಲಿಲ್ಲ. ಆಗಿನ್ನೂ ಅವನ ಮೀಸೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. “ಮುನಿಯಪ್ಪ ಕರ್ಕಂಬುಟ್ಟ” ಎಂದು ಊರಿಗೆ ಊರೇ ಕೈಮುಗಿಯಿತು. ಅಜ್ಜನೂ ಚಿಕ್ಕ ವಯಸ್ಸಿಗೆ ಹಾಗೆಯೇ ಹೋಗಿದ್ದನಂತೆ. ಇಬ್ಬರಿಗೂ ಬೇಲಿಯ ಈಚೆ ಪಕ್ಕದಲ್ಲಿ ಒಂದೊಂದು ಕಲ್ಲು ನೆಟ್ಟರು. ತಿಪ್ಪಯ್ಯನ ತಾಯಿ ಕದರಮ್ಮ ಸೋಮವಾರ ಸೋಮವಾರ ಗಂಡನ ಕಲ್ಲಿಗೆ ದೀಪ ಹಚ್ಚುತ್ತಾಳೆ. ದೇವರು ಕರೆದುಕೊಂಡವನ ಹೆಂಡತಿ ಎಂದು ಊರಿನಲ್ಲಿ ಅವಳಿಗೆ ಒಂದು ಮಣೆ ಹೆಚ್ಚು. ಮದುವೆಯಾಗಲಿ ನಾಮಕರಣವಾಗಲಿ, ವಿಧವೆಯೆಂದು ಅವಳನ್ನು ಹಿಂದೆ ಸರಿಸಿದವರಿಲ್ಲ.

ತಿಪ್ಪಯ್ಯ ಹುಣಸೆ ಮರಗಳನ್ನು ಗುತ್ತಿಗೆ ಹಿಡಿದು, ಹಣ್ಣು ಉದುರಿಸಿ, ಬಡವನಹಳ್ಳಿ ಸಂತೆಗೂ ಮಧುಗಿರಿಗೂ ಹಾಕುವವನು. ಹುಣಸೆ ಮರದ ಕೆಳಗೆ ಮಲಗಬಾರದು, ಗಾಳಿ ಮೆಟ್ಟಿಕೊಳ್ಳುತ್ತದೆ ಎಂದು ಲೋಕವೆಲ್ಲ ಹೇಳುವಾಗ, ಇವನು ಮಾತ್ರ ಊಟವಾದ ಕೂಡಲೇ ಅಲ್ಲೇ ಟವೆಲ್ ಹಾಸಿ ಬಿದ್ದುಕೊಳ್ಳುತ್ತಿದ್ದ. ಅರ್ಧ ಕಣ್ಣು ಮುಚ್ಚಿ ಎಲೆಗಳ ಸಂದಿಯಲ್ಲಿ ಬಿಸಿಲು ಅಲುಗುವುದನ್ನು ನೋಡುತ್ತ, ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಜಾಗದಲ್ಲಿ ತೇಲುವುದೆಂದರೆ ಅವನಿಗೆ ಬಲು ಇಷ್ಟ. “ಆವಯ್ಯ ಅರ್ಧ ಆಯುಸ್ಸು ಕನಸ್ನಾಗೇ ಕಳೀತಾನೆ” ಎಂದು ಹೆಂಡತಿ ಗಂಗಲಕ್ಷ್ಮಿ ಆಡಿಕೊಳ್ಳುತ್ತಿದ್ದಳು.

ಒಂದು ದಿನ ಕೊಂಬೆಯ ಮೇಲೆ ನಿಂತು ಹಣ್ಣು ಬಡಿಯುತ್ತಿದ್ದಾಗ ಅವನ ಎದೆಯ ಮೇಲೆ ಯಾರೋ ಬಂದು ಕೂತರು. ಕೂತವರು ಏಳಲಿಲ್ಲ. ಎಡಗೈ ತನ್ನದಲ್ಲ ಅನ್ನಿಸಿತು. ಹೇಗೆ ಇಳಿದನೋ ಅವನಿಗೆ ಗೊತ್ತಿಲ್ಲ. ಮಗ ನವೀನ್ ಕುಮಾರ್ ತನ್ನ ಲಗೇಜ್ ಆಟೋದಲ್ಲಿ ಹುಣಸೆ ಮೂಟೆಗಳ ನಡುವೆಯೇ ಅಪ್ಪನನ್ನು ಮಲಗಿಸಿಕೊಂಡು ಕೊರಟಗೆರೆಗೆ ಓಡಿಸಿದ. ಅಲ್ಲಿಂದ ಆಂಬುಲೆನ್ಸು, ತುಮಕೂರು, ಹೃದಯದ ಆಸ್ಪತ್ರೆ. ಮಣಿಕಟ್ಟಿನಿಂದ ತಂತಿ ತೂರಿಸಿ, ಮುಚ್ಚಿದ್ದ ರಕ್ತನಾಳ ತೆರೆದು, ಅದರೊಳಗೆ ಸ್ಟೆಂಟ್ ಕೂರಿಸಿದರು. ಜೀವ ಉಳಿಯಿತು.

ಮಾರನೆಯ ಬೆಳಿಗ್ಗೆ, ನವೀನ ಕೊರಟಗೆರೆಯಲ್ಲಿ ಬಿಟ್ಟ ಆಟೋ ತರಲು ಹೋಗಿದ್ದಾಗ, ವಾರ್ಡಿಗೆ ಬಂದ ಡಾಕ್ಟರು ವನಜಾಕ್ಷಿ ಅವನ ಎದೆ ನೋಡುವ ಮೊದಲು ಕಣ್ಣು ನೋಡಿದರು. ಶಿರಾ ಕಡೆಯ ಹೆಂಗಸು, ಮಾತು ನೇರ. ಅವನ ಹಿಮ್ಮಡಿಯ ನರವನ್ನು ಒತ್ತಿ, ಅಲ್ಲಿದ್ದ ಗಟ್ಟಿ ಗಂಟನ್ನೂ ನೋಡಿದರು.

“ಈ ಹಳದಿ ಮಚ್ಚೆ ಮನೇಲಿ ಇನ್ಯಾರಿಗಿದೆ?”

“ನಮ್ಮಪ್ಪಂಗಿತ್ತು, ತಾತಂಗಿತ್ತು. ಈಗ ನನ್ನ ಮಗಂಗೂ ಬತ್ತಾ ಐತೆ” ಎಂದ ತಿಪ್ಪಯ್ಯ, ಸ್ವಲ್ಪ ಹೆಮ್ಮೆಯಿಂದಲೇ. “ಅದು ಮುನಿಯಪ್ಪನ ಅರಿಶಿನ ಕಣಮ್ಮ.”

“ಅಪ್ಪ, ತಾತ ಹೆಂಗೆ ಹೋದ್ರು?”

ಹೇಳಿದ. ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು.

“ನೋಡಿ ತಿಪ್ಪಯ್ಯ, ಅದು ಅರಿಶಿನ ಅಲ್ಲ, ಕೊಲೆಸ್ಟ್ರಾಲ್. ನಿಮ್ಮ ವಂಶದ ರಕ್ತದಲ್ಲೇ ಆ ಜಿಡ್ಡು ಜಾಸ್ತಿ. ಸಣ್ಣ ಸಣ್ಣ ಉಂಡೆಯಾಗಿ ರಕ್ತದಲ್ಲಿ ತೇಲ್ತಾ ಇರುತ್ತೆ. ಜಾಸ್ತಿಯಾದಾಗ ರಕ್ತನಾಳದ ಗೋಡೆಯೊಳಕ್ಕೆ ನುಸುಳಿ ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಸಿಕ್ಕಿಹಾಕ್ಕೊಂಡಿದ್ದು ಕೆಡುತ್ತೆ. ಹಳೇ ಕಡಲೇಕಾಯಿ ಎಣ್ಣೆ ಕಮಟು ಹಿಡಿಯೋಲ್ವಾ, ಹಂಗೆ.”

“ಆಮೇಕೆ?” ಎಂದಳು ಗಂಗಲಕ್ಷ್ಮಿ. ಅವಳು ಮಂಚದ ಕಾಲು ಹಿಡಿದು ನಿಂತಿದ್ದಳು.

“ಮೈಗೆ ಕಾವಲು ಇರೋ ಬಿಳಿ ರಕ್ತಕಣಗಳಿವೆಯಲ್ಲ, ಅವು ಕಮಟು ಹಿಡಿದಿದ್ದನ್ನ ಕಂಡು ವೈರಿ ಬಂತು ಅಂತ ಓಡಿ ಬರ್ತವೆ. ಬಂದು ನುಂಗ್ತವೆ. ಒಳ್ಳೇ ಜಿಡ್ಡಾದ್ರೆ ಸಾಕು ಅನ್ನೋದು ಅವಕ್ಕೆ ಗೊತ್ತು. ಕಮಟಿಗೆ ಮಾತ್ರ ಸಾಕು ಅನ್ನೋದೇ ಇಲ್ಲ. ನುಂಗಿ ನುಂಗಿ ಮೈಯೆಲ್ಲ ನೊರೆಯಾಗಿ, ಏಳೋಕಾಗದೆ ಅಲ್ಲೇ ಸಾಯ್ತವೆ. ಸತ್ತವರನ್ನ ಎತ್ತೋಕೆ ಇನ್ನಷ್ಟು ಬಂದು ಅವೂ ಅಲ್ಲೇ ಕೂರ್ತವೆ. ಹಂಗೆ ಬೆಳೆದ ಗಂಟು ಒಂದು ದಿನ ಒಡೀತು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತು.”

“ಅಂದ್ರೆ ಕಾಯಕ್ಕೆ ಬಂದೋರೇ ಕೊಂದ್ರಾ?” ಎಂದ ತಿಪ್ಪಯ್ಯ.

“ಅವರು ಕೆಟ್ಟವರಲ್ಲ. ಅವರ ಕೆಲಸ ಅವರು ಮಾಡಿದ್ರು. ಇನ್ನೊಂದು ತರದ ಕಾವಲೂ ಇದೆ, ತಿನ್ನೋಕೆ ಹೋಗಲ್ಲ. ಕೆಟ್ಟಿದ್ದಕ್ಕೆ ಅಂಟ್ಕೊಂಡು ಇದು ಕೆಟ್ಟಿದೆ ಅಂತ ಗುರುತು ಹಾಕಿ, ಆ ನುಂಗೋರ ಬಾಯಿಗೆ ಸಿಗದಂಗೆ ತಡೀತವೆ. ಆದ್ರೆ ಅವು ಸಾಲ್ದು. ಮಾತ್ರೆ ತಗೊಂಡು ಜಿಡ್ಡು ಬರೋದನ್ನೇ ಕಮ್ಮಿ ಮಾಡಿದ್ರೆ, ಕೂತೋರೂ ಒಬ್ಬೊಬ್ಬರೇ ಎದ್ದು ಹೋಗ್ತಾರೆ. ನಿಮಗಿಂತ ನಿಮ್ಮ ಮಗನ ಚಿಂತೆ ನನಗೆ. ಅವನ ರಕ್ತ ಪರೀಕ್ಷೆ ಮಾಡಿಸಿ. ಈಗಿಂದ ಮಾತ್ರೆ ತಗೊಂಡ್ರೆ ಮುದುಕನಾಗೋವರೆಗೂ ಬಾಳ್ತಾನೆ. ಇಲ್ಲದಿದ್ರೆ ಅವನ ತಾತನ ವಯಸ್ಸಿಗೇ…”

ಅವರು ಸ್ಟೂಲ್ ಸರಿಸಿ ಎದ್ದರು.

ಆ ಮಧ್ಯಾಹ್ನ ಫ್ಯಾನಿನ ಗಾಳಿಗೆ ಕಣ್ಣು ಮುಚ್ಚಿದ ಕೂಡಲೇ ತಿಪ್ಪಯ್ಯನಿಗೆ ತೋಪು ಬಂತು. ನೆಲ ಕೆಂಪಗೆ, ಒದ್ದೆಯಾಗಿ, ಕಾಲಿಟ್ಟರೆ ಉಸಿರಾಡುತ್ತಿತ್ತು. ಬೇಲಿಯ ಆಚೆ ಒಂದು ಕೆಂಪು ಹೊಳೆ ನಿಂತು ನಿಂತು ಹರಿಯುತ್ತಿತ್ತು. ಹೊಳೆಯಿಂದ ಹಳದಿ ಉಂಡೆಗಳು ಬೇಲಿಯ ಸಂದಿನಲ್ಲಿ ಉರುಳಿಕೊಂಡು ಒಳಗೆ ಬರುತ್ತಿದ್ದವು. ಬರುವಾಗ ಹೊಸ ಬೆಣ್ಣೆಯ ಬಣ್ಣ. ಬೇರುಗಳ ನಡುವೆ ಸಿಕ್ಕಿ ನಿಂತ ಮೇಲೆ ಕಂದು ತಿರುಗಿ ಕಮಟು ನಾತ. ಮರಗಳ ಕೆಳಗೆ ಗಂಡಸರು ಸಾಲಾಗಿ ಪಂಕ್ತಿ ಕೂತಿದ್ದರು. ಎಲ್ಲರೂ ಬೆಳ್ಳಗಿದ್ದರು. ಯಾರೂ ಮಾತಾಡದೆ ಉಂಡೆ ಎತ್ತಿ ಬಾಯಿಗೆ ಹಾಕುತ್ತಿದ್ದರು, ಹುದುಗು ಬಂದ ಹಿಟ್ಟಿನ ಹಾಗೆ ಊದುತ್ತಿದ್ದರು. ಸಾಲಿನ ನಡುವೆ ಒಂದಿಷ್ಟು ಪುಟ್ಟ ಪುಟ್ಟ ಜನ ಓಡಾಡಿ, ಕೆಟ್ಟ ಉಂಡೆಗಳನ್ನು ಅವುಚಿ ಹಿಡಿದು ಏನೋ ಕೂಗುತ್ತಿದ್ದರು. ಅವರ ದನಿ ಯಾರಿಗೂ ಕೇಳುತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ಅಪ್ಪ ಇದ್ದ. ಮೀಸೆ ಕಪ್ಪಗೇ ಇತ್ತು. ಮೈ ಮಾತ್ರ ನೊರೆ ತುಂಬಿ ಮರದ ಬುಡಕ್ಕೆ ಅಂಟಿಕೊಂಡಿತ್ತು.

“ಬಂದಾ ಮಗ? ಕುಂತ್ಕ” ಎಂದ ಅಪ್ಪ.

“ಏಳಪ್ಪ, ಹೊರಕ್ಕೆ ಹೋಗಾನ.”

“ಮಿಕ್ಕಿದ್ದ ಬುಟ್ಟು ಏಳಂಗಿಲ್ವಲ್ಲಾ.”

“ಅದು ಬತ್ತಾನೇ ಐತಲ್ಲಪ್ಪ. ಎಲ್ಲಿ ಮುಗೀತದೆ?”

ಅಪ್ಪ ಕೈಯಲ್ಲಿದ್ದ ಉಂಡೆಯನ್ನು ನೋಡಿದ. ಅದನ್ನು ಅವನು ಮೊದಲ ಸಲ ನೋಡುತ್ತಿದ್ದಾನೆ ಅನ್ನಿಸಿತು. “ಏಳು ಅಂತ ನಂಗೆ ಯಾರೂ ಅನ್ನಲಿಲ್ಲ ಕಣ್ಲಾ” ಎಂದ. ಮತ್ತೆ ಬಾಯಿಗೆ ಹಾಕಿಕೊಂಡ. ತಿಪ್ಪಯ್ಯನಿಗೆ ಎಚ್ಚರವಾದಾಗ ದಿಂಬು ಒದ್ದೆಯಾಗಿತ್ತು.

ಮನೆಗೆ ಬಂದ ಮೇಲೆ ಅವನು ಮಾತ್ರೆ ತಪ್ಪಿಸಲಿಲ್ಲ. ಮಾತ್ರೆ ನುಂಗಿ ಜಗಲಿಯ ಮೇಲೆ ಕಣ್ಣು ಮುಚ್ಚಿದರೆ, ಎದೆಯೊಳಗಿನ ತೋಪು ಮಸುಕಾಗಿ ಕಾಣುವುದು. ಉರುಳಿ ಬರುವ ಉಂಡೆಗಳು ದಿನ ದಿನಕ್ಕೆ ಕಡಿಮೆಯಾಗುತ್ತಿದ್ದವು. ಒಂದು ದಿನ ಸಾಲಿನಲ್ಲಿದ್ದ ಒಬ್ಬ ಕೈ ಒರೆಸಿಕೊಂಡು ಎದ್ದು, ತೂರಾಡುತ್ತ ಬೇಲಿ ದಾಟಿ ಹೊಳೆಗೆ ಇಳಿದದ್ದನ್ನು ಅವನು ಕಂಡ. ಅಪ್ಪ ಮಾತ್ರ ಅಲುಗಲಿಲ್ಲ. ಇದನ್ನು ಯಾರಿಗಾದರೂ ಹೇಳಿದರೆ ತಲೆಯ ಆಸ್ಪತ್ರೆಗೂ ಸೇರಿಸುತ್ತಾರೆಂದು ಸುಮ್ಮನಿದ್ದ.

ಆದರೆ ಹೇಳಲೇಬೇಕಾದ ಮಾತನ್ನೂ ಹೇಳದೆ ಸುಮ್ಮನಿದ್ದನಲ್ಲ, ಅದು ತಪ್ಪು. ಅವನಿಗೂ ಗೊತ್ತಿತ್ತು. ಪರ ಹತ್ತಿರ ಬರುತ್ತಿತ್ತು. ಈ ಸಲ, ಇಷ್ಟು ವರ್ಷ ಕೂತ ತಿಪ್ಪಯ್ಯನ ಬದಲು, ಕಡೇ ಎಲೆಗೆ ನವೀನ ಕೂರಬೇಕೆಂದು ಪೂಜಾರಿ ಗಂಗಯ್ಯ ಮನೆಗೆ ಬಂದು ಹೇಳಿ ಹೋಗಿದ್ದ. ನವೀನನಿಗೆ ಹಿಗ್ಗೋ ಹಿಗ್ಗು. ಆಟೋದ ಕನ್ನಡಿಯಲ್ಲಿ ಕಣ್ಣಂಚಿನ ಹಳದಿಯನ್ನು ನೋಡಿಕೊಳ್ಳುತ್ತಿದ್ದ. ರಕ್ತ ಪರೀಕ್ಷೆಗೆ ಬಾ ಎಂದರೆ “ನಂಗೇನಾಗೈತೆ? ಕಲ್ಲು ತಿಂದು ಕಲ್ಲು ಅರಗಿಸ್ಕತೀನಿ” ಎಂದು ಆಟೋ ಚಾಲೂ ಮಾಡುತ್ತಿದ್ದ. ಅವನ ಹೊಟ್ಟೆಯಲ್ಲಿ ಕುರಿ ನಿಂತೀತು, ಮಾತು ನಿಲ್ಲದು. ಅವನಿಗೆ ನಿಜ ಹೇಳಿದರೆ ಸಂಜೆಯೊಳಗೆ ಅಜ್ಜಿಯ ಕಿವಿಗೆ ಬೀಳುತ್ತದೆ. ತಿಪ್ಪಯ್ಯನಿಗೆ ಬಾಯಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ.

“ನೀವು ಹೇಳ್ತೀರೋ ನಾನು ಹೇಳ್ಲೋ?” ಎಂದಳು ಗಂಗಲಕ್ಷ್ಮಿ ಒಂದು ದಿನ, ಹುಣಸೆ ಬೀಜ ಬಿಡಿಸುತ್ತ.

“ಅವ್ವ ಇರೋಗಂಟ ಬುಡೇ. ಅಪ್ಪನ್ನ ದೇವರು ಕರ್ಕಂಡ ಅನ್ನೋದೊಂದನ್ನೇ ನಂಬ್ಕಂಡು ಬದುಕವಳೆ. ಅದ್ನೂ ಕಿತ್ಕಳಾನಾ?”

“ಅವ್ವ ಇರೋಗಂಟ ನನ್ನ ಮಗ ಇರಬ್ಯಾಡ್ವಾ?” ಅವಳ ಕೈ ನಿಂತಿತು. “ಅಪ್ಪ ನೆಟ್ಟ ಆಲದ ಮರ ಅಂತ ನೇಣಾಕ್ಕಳಕ್ಕಾಯ್ತದಾ?”

“ಒಂದು ದಿನದ ಊಟಕ್ಕೆ ಏನೂ ಆಗಲ್ಲ ಅಂತ ಮನೆಗೆ ಕಳಿಸೋವಾಗ ಡಾಕ್ಟರಮ್ಮನೇ ಅಂದ್ರಲ್ಲ.”

“ಊಟಕ್ಕೆ ಏನೂ ಆಗಲ್ಲ. ಒಂದ್ಸಲ ಆ ಎಲೆ ಮುಂದೆ ಕುಂತ ಅಂದ್ರೆ ಅವನು ದೇವರ ಮಗ ಆಗೋಯ್ತಾನೆ. ದೇವರ ಮಗ ಮಾತ್ರೆ ನುಂಗ್ತಾನಾ? ನೀವು ನುಂಗ್ತಿದ್ರಾ, ಎದೆ ಒಡ್ಕಣಕ್ಕೆ ಮುಂಚೆ?”

ತಿಪ್ಪಯ್ಯ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಪಾಪ, ಅವನಿಗೆ ಎರಡೂ ಬರುತ್ತಿರಲಿಲ್ಲ. ಬರುತ್ತಿದ್ದುದು ಕನಸು ಒಂದೇ.

ಪರದ ದಿನ ಬಂತು. ಹೊಗೆ ಮರಗಳ ನಡುವೆ ನೀಲಿಯಾಗಿ ನಿಂತಿತ್ತು, ಬಿಸಿಲು ಅದರೊಳಗೆ ಕೋಲು ಕೋಲಾಗಿ ಇಳಿದಿತ್ತು. ತಮಟೆಯ ಸದ್ದು ಎಲ್ಲೋ ದೂರದಲ್ಲಿ, ನೀರಿನ ಕೆಳಗೆ ಬಾರಿಸಿದಂತೆ ಕೇಳುತ್ತಿತ್ತು. ಪಥ್ಯದ ಮುದ್ದೆ ಮತ್ತು ಸೊಪ್ಪಿನ ಸಾರಿನಲ್ಲಿ ಊಟ ಮುಗಿಸಿದ ತಿಪ್ಪಯ್ಯ ಮರಕ್ಕೆ ಒರಗಿ ಕೂತಿದ್ದ. ಅದು ಅಪ್ಪ ಕೊನೆಯ ಸಲ ಒರಗಿದ್ದ ಮರವೇ ಎಂದು ನೋಡಿಕೊಂಡಿರಲಿಲ್ಲ. ಬೇಲಿಯ ಆಚೆ ಹೆಂಗಸರು ನಿಂತಿದ್ದರು. ನಡುವೆ ಕದರಮ್ಮ, ಸೊಸೆಯ ಭುಜ ಹಿಡಿದು, ಮೊಮ್ಮಗ ಎಲೆಗೆ ಕೂರುವುದನ್ನು ಕಣ್ತುಂಬ ನೋಡಲು ಬಂದಿದ್ದಳು. ಗಂಡಸರು ಸಾಲಾಗಿ ಉಣ್ಣುತ್ತಿದ್ದರು. ತಿಪ್ಪಯ್ಯನ ಕಣ್ಣಿಗೆ ಆ ಸಾಲು ಬೆಳ್ಳಗಾಗುತ್ತ ಬಂತು. ಇದು ಯಾವ ತೋಪು, ಹೊರಗಿನದೋ ಒಳಗಿನದೋ, ಅವನಿಗೆ ಗೊತ್ತಾಗಲಿಲ್ಲ.

ಹಂಡೆ ಬಳಿದ ಸದ್ದಾಯಿತು. ಕಡೇ ಎಲೆ ಬಂತು. ನೆಣ ಆರಿ ಎಲೆಯ ಮೇಲೆ ಬೆಳ್ಳಗೆ ಗಟ್ಟಿಯಾಗಿತ್ತು. ಗಂಗಯ್ಯ ನವೀನನ ಹಣೆಗೆ ಭಂಡಾರ ಹಚ್ಚಿದ. ನವೀನ ಅಂಗಿಯ ತೋಳು ಮಡಿಸಿಕೊಂಡು, ನಗುತ್ತ, ಮೊದಲ ತುತ್ತು ಕಲೆಸಿದ. ಸಾಲಿನ ಕೊನೆಯಲ್ಲಿ ಕೂತಿದ್ದ ಅವನಿಗೆ ಅವನ ತಾತನದೇ ಮೀಸೆ.

ಏಳು ಅಂತ ಯಾರೂ ಅನ್ನಲಿಲ್ಲ.

“ನವೀನಾ, ಏಳು!”

ಕೂಗಿದ್ದು ತಾನೇ ಎಂದು ತಿಪ್ಪಯ್ಯನಿಗೆ ತಿಳಿದದ್ದು ತಮಟೆ ನಿಂತ ಮೇಲೆ. ಅವನು ಎದ್ದು ನಿಂತಿದ್ದ.

“ಕುಂತೋನ್ನ ಎಬ್ಬಿಸಬಾರ್ದು ತಿಪ್ಪಯ್ಯ” ಎಂದ ಗಂಗಯ್ಯ.

“ಎಬ್ಬಿಸ್ತೀನಿ ಗಂಗಣ್ಣ. ನಂಗೆ ಗುರುತು ಗೊತ್ತಾಗೈತೆ. ನಮ್ಮ ಕಣ್ಣಾಗಿರೋದು ಅರಿಶಿನ ಅಲ್ಲ, ಜಿಡ್ಡು. ರಕ್ತದಾಗೆ ತುಂಬಿ ಮೇಲಕ್ಕೆ ಬಂದೈತೆ. ಎದೆ ಒಳಗೂ ಅದೇ ಕಮಟು ಹಿಡ್ದು ಕುಂತೈತೆ. ದೇವ್ರು ಇಟ್ಟಿದ್ದಲ್ಲ ಇದು, ಕಾಯಿಲೆ.”

ಗಂಗಯ್ಯ ಕೆಟ್ಟ ಮನುಷ್ಯನಲ್ಲ. ಅವನು ಸಿಟ್ಟಾಗಲಿಲ್ಲ, ಹೆದರಿದ. ಅವನ ಕಣ್ಣು ಬೇಲಿಯ ಪಕ್ಕದ ಕಲ್ಲುಗಳ ಕಡೆಗೆ ಹೋಯಿತು.

“ಅಂಗಾದ್ರೆ ನಿಮ್ಮಪ್ಪ?” ಎಂದ ಮೆಲ್ಲಗೆ.

ತಿಪ್ಪಯ್ಯನೂ ಅಪ್ಪನ ಕಲ್ಲನ್ನು ನೋಡಿದ. ಈಗ ಬಾಯಿ ಬಿಟ್ಟರೆ ಅಪ್ಪನನ್ನು ಎರಡನೆಯ ಸಲ ಸಾಯಿಸಿದಂತೆ. ಬಿಡದಿದ್ದರೆ, ಅಗೋ, ಎಲೆಯ ಮುಂದೆ ಕೈಯಲ್ಲಿ ತುತ್ತು ಹಿಡಿದು ಮಗ ತನ್ನನ್ನೇ ನೋಡುತ್ತಿದ್ದಾನೆ.

“ನಮ್ಮಪ್ಪನ್ನ ಯಾರೂ ಕರೀಲಿಲ್ಲ ಗಂಗಣ್ಣ. ಆವಯ್ಯ ಎದೆನೋವು ಬಂದು ಸತ್ತ. ಬೆವರ್ತಾ ಇದ್ದ. ನಾವೆಲ್ಲ ಸುತ್ತ ಕುಂತ್ಕಂಡು ಕೈಮುಗೀತಾ ಇದ್ವಿ.”

ಯಾರೋ ಒಬ್ಬ “ಎಲ್ಲಾ ಆಸ್ಪತ್ರೆಯೋರು ತಲೆಗೆ ತುಂಬಿರೋದು” ಎಂದು ಗೊಣಗಿ ಎದ್ದು ಹೊರಟ. ಅವನ ಹಿಂದೆ ಇನ್ನೂ ಕೆಲವರು ಹೊರಟರು. ನವೀನ ತುತ್ತನ್ನು ಎಲೆಗೆ ಹಾಕಿ, ಅಪ್ಪನ ಮುಖವನ್ನೂ ಕಲ್ಲುಗಳನ್ನೂ ನೋಡಿದ. ಅವನ ಮುಖದ ನಗು ಹೋಗಿ ಅಲ್ಲಿ ಭಯ ಬಂದಿತ್ತು. “ಮೊದಲೇ ಹೇಳಬೌದಿತ್ತಲ್ಲಪ್ಪ” ಎಂದ. ಎದ್ದು ಬಂದು ಅಪ್ಪನ ರಟ್ಟೆ ಹಿಡಿದುಕೊಂಡ. “ನಾಳೆ ಬತ್ತೀನಿ ಬುಡು, ರಕ್ತ ಕೊಡ್ತೀನಿ.”

ಎಲೆ ಹಾಗೆಯೇ ಇತ್ತು. ನೊಣ ಬರತೊಡಗಿದವು. ಗಂಗಯ್ಯ ಅದನ್ನು ನೋಡಿ, ತಾನೇ ಕೂತು ಒಂದು ತುತ್ತು ಎತ್ತಿದ. “ಬರ್ರಲಾ, ಒಬ್ಬೊಬ್ರು ಒಂದೊಂದು ತುತ್ತು ಎತ್ರಿ. ಸುಮ್ನೆ ಒಬ್ಬನ ಕುತ್ತಿಗೆಗೆ ಕಟ್ತಿದ್ವಲ್ಲ” ಎಂದ. ಉಳಿದವರು ಬಂದರು. ಎಲೆ ಬರಿದಾಯಿತು. ಮುನಿಯಪ್ಪ ಏನೂ ಅನ್ನಲಿಲ್ಲ.

ತಿಪ್ಪಯ್ಯ ಬೇಲಿಯ ಕಡೆಗೆ ನಡೆದ. ಅವ್ವನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹುಡುಕಿದ. ಕದರಮ್ಮ ಸೊಸೆಯ ಭುಜ ಬಿಟ್ಟು ಒಬ್ಬಳೇ ನಿಂತಿದ್ದಳು. ಕಣ್ಣು ಒಣಗಿತ್ತು.

“ನೀನಂದಿದ್ದು ದಿಟವೇನ್ಲಾ? ನಿಮ್ಮಪ್ಪನ್ನ ಯಾರೂ ಕರೀಲಿಲ್ವಾ?”

“ಇಲ್ಲ ಕಣವ್ವ.”

“ಸುಮ್ಕೆ ಸತ್ರಾ? ಎಲ್ರೂ ಸಾಯಂಗೆ?”

“ಊಂ ಕಣವ್ವ. ನನ್ನ ಬೈಯವ್ವ, ಹೊಡಿ.”

ಅವಳು ಬೈಯಲಿಲ್ಲ. ನಿಧಾನವಾಗಿ ಗಂಡನ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಅದರ ತಲೆಯನ್ನು ಸವರಿದಳು.

“ಅವತ್ತು ನನ್ನ ಅಳಕ್ಕೆ ಬುಡ್ಲಿಲ್ಲ ಕಣ್ಲಾ ಮಗ” ಎಂದಳು. “ದೇವ್ರು ಕರ್ಕಂಡೋರ್ಗೆ ಅಳಬಾರ್ದು, ಅಪಚಾರ ಆಯ್ತದೆ ಅಂತ ಬಾಯಿಗೆ ಸೆರಗು ತುರುಕಿದ್ರು. ನಾನೂ ಹೂಂ ಅಂದೆ. ಇಷ್ಟು ವರ್ಷ ದೀಪ ಹಚ್ದೆ, ಅಳ್ಲಿಲ್ಲ. ಈಗ ಅಳಬೌದಾ?”

ತಿಪ್ಪಯ್ಯ ಅವಳ ಪಕ್ಕ ಕೂತು, “ಅಳವ್ವ” ಎಂದ.

ಬೇಲಿಯ ಈಚೆ, ಊರೆಲ್ಲ ನೋಡುತ್ತಿರುವಂತೆಯೇ, ಕದರಮ್ಮ ಎದೆ ಎದೆ ಬಡಿದುಕೊಂಡು, ಸತ್ತುಹೋದ ತನ್ನ ಗಂಡನಿಗಾಗಿ ಅತ್ತಳು.